ಆಟದ ಬಯಲಿನ ಸವಕಲು ನಾಣ್ಯ

ಮಳೆ ನಿಂತು, ಗದ್ದೆಯ ಪೈರು ಮನೆ ಸೇರಿದ ಮೇಲೆ ಸಾಲಿಗ್ರಾಮ, ಕೋಟ, ಸಾಸ್ತಾನ, ಬ್ರಹ್ಮಾವರದ ಆಸುಪಾಸಿನಲ್ಲಿ ಆಟದ ಋತು ಆರಂಭವಾಗುತ್ತದೆ. ಕೊಯ್ಲಾದ ಗದ್ದೆಯ ಕೂಳೆ ಸವರಿ ಪಿಚ್ ಎಳೆಯುತ್ತಾರೆ. ಶಾಲೆಯ ಅಂಗಳದಲ್ಲಿ ವಾಲಿಬಾಲ್ ಕಂಬಗಳು ಏಳುತ್ತವೆ. ಹೊನಲು ಬೆಳಕಿನ ಪಂದ್ಯಾಟಗಳ ಬ್ಯಾನರುಗಳು ಹೆದ್ದಾರಿಯ ಎರಡೂ ಬದಿಗಳಲ್ಲಿ ತೂಗುತ್ತವೆ. ಕಬಡ್ಡಿ, ಹಗ್ಗಜಗ್ಗಾಟ, ಟೆನಿಸ್ ಚೆಂಡಿನ ಕ್ರಿಕೆಟ್, ಮಹಿಳೆಯರ ತ್ರೋಬಾಲ್, ಮಳೆಗಾಲದಲ್ಲಿಯೂ ನಿಲ್ಲದ ಒಳಾಂಗಣದ ಶಟ್ಲ್ ಹೀಗೆ ಪಟ್ಟಿ ದೊಡ್ಡದು. ಇವುಗಳಲ್ಲಿ ಆಡುವವರಾರೂ ವೃತ್ತಿಪರ ಆಟಗಾರರಲ್ಲ. ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಬ್ಯಾಂಕಿನ ಗುಮಾಸ್ತರು, ಮೀನುಗಾರಿಕಾ ದೋಣಿಯಲ್ಲಿ ದುಡಿಯುವವರು, ಬಸ್ಸಿನ ನಿರ್ವಾಹಕರು, ಅಧ್ಯಾಪಕರು. ಮೂವತ್ತರಿಂದ ಐವತ್ತರ ಪ್ರಾಯದ, ಸಂಸಾರವಂದಿಗರಾದ ಇವರು ದಿನದ ದಣಿವನ್ನು ಮರೆಯಲೆಂದು ಬಯಲಿಗೆ ಇಳಿದವರು.

ಸೇವೆಯಿಂದ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ, ಹಿರಿಯನೆಂಬ ಒಂದೇ ಅರ್ಹತೆಯಿಂದ ಇಂತಹ ಹಲವು ಪಂದ್ಯಾಟಗಳ ಸಂಘಟನಾ ಸಮಿತಿಗಳಲ್ಲಿ ಕುಳಿತಿದ್ದೇನೆ. ಬೆಳಗಿನ ಹೊತ್ತು ಸ್ವತಃ ಶಟ್ಲ್ ಆಡುತ್ತೇನೆ. ಈ ಎರಡೂ ಕಡೆಗಳಲ್ಲಿ ನಾನು ಗಮನಿಸಿದ ಒಂದು ಬೆಳವಣಿಗೆ ಸಾರ್ವಜನಿಕ ಚರ್ಚೆಗೆ ಯೋಗ್ಯವಾದುದೆಂದು ತೋರುತ್ತದೆ. ಹವ್ಯಾಸದ ಆಟದಲ್ಲಿ ಅತಿರೇಕದ ಆಕ್ರಮಣಶೀಲತೆ ತೋರುವ ಒಬ್ಬಿಬ್ಬರು ಆಟಗಾರರು ಇಡೀ ಬಳಗದ ಸಂತೋಷವನ್ನು, ಕೆಲವೊಮ್ಮೆ ಜೀವನೋಪಾಯವನ್ನೂ ಕಸಿದುಕೊಳ್ಳುತ್ತಿದ್ದಾರೆ. ಅವರನ್ನು ಹೇಗೆ ಎದುರಿಸಬೇಕೆಂಬುದು ನಮಗೆ ತಿಳಿಯದಾಗಿದೆ.

'ಜೀವನೋಪಾಯ' ಎಂಬ ಪದವನ್ನು ನಾನು ಯೋಚಿಸಿಯೇ ಬಳಸಿದ್ದೇನೆ. ನಮ್ಮ ಕಡೆಯ ಖಾಸಗಿ ಬಸ್ಸಿನ ನಿರ್ವಾಹಕರೊಬ್ಬರು ಒಂದು ವಾಲಿಬಾಲ್ ಪಂದ್ಯಾಟದಲ್ಲಿ ಬಲೆಯ ಬಳಿ ಜಿಗಿದು ಕೆಳಗಿಳಿಯುವಾಗ, ಎದುರು ತಂಡದವನು ತನ್ನ ಕಾಲನ್ನು ಮಧ್ಯರೇಖೆಯ ಆಚೆಗೆ ಚಾಚಿದ್ದನು. ಅದೇ ಆಟಗಾರನು ಅದೇ ಪಂದ್ಯದಲ್ಲಿ ಹಾಗೆ ಮಾಡಿದ್ದು ಅದು ಮೂರನೆಯ ಬಾರಿ. ನಿರ್ವಾಹಕರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ದಿನವಿಡೀ ಓಡುವ ಬಸ್ಸಿನಲ್ಲಿ ನಿಂತು ಚೀಟಿ ಹರಿಯುವ ವ್ಯಕ್ತಿಗೆ ಮೊಣಕಾಲು ಎಂದರೆ ಅನ್ನ. ತಿಂಗಳುಗಟ್ಟಲೆ ಅವರು ಮನೆಯಲ್ಲಿ ಕುಳಿತರು. ಕಾಲು ಚಾಚಿದವನಾದರೋ ಮುಂದಿನ ಭಾನುವಾರ ಇನ್ನೊಂದು ಊರಿನ ಪಂದ್ಯಾಟದಲ್ಲಿ ಆಡುತ್ತಿದ್ದನು. ಅವನನ್ನು ಯಾರೂ ಏನೂ ಕೇಳಲಿಲ್ಲ. 'ಆಟ ಎಂದ ಮೇಲೆ ಪೆಟ್ಟು ಇದ್ದದ್ದೇ' ಎಂಬ ಸಮಾಧಾನದ ಮಾತು ಮಾತ್ರ ಎಲ್ಲರ ಬಾಯಲ್ಲಿ ಇತ್ತು.

ಈ ಸಮಾಧಾನದ ಮಾತು ಎಷ್ಟರ ಮಟ್ಟಿಗೆ ಸರಿ? ಆಟದಲ್ಲಿ ಪೆಟ್ಟು ಇರುತ್ತದೆ ಎಂಬುದನ್ನು ಒಪ್ಪೋಣ. ಆದರೆ ಯಾವ ಪೆಟ್ಟಿಗೆ ನಾವು ಒಪ್ಪಿಗೆ ಕೊಟ್ಟು ಬಯಲಿಗೆ ಇಳಿಯುತ್ತೇವೆ ಎಂಬ ಪ್ರಶ್ನೆಗೆ ನಮ್ಮ ಕಾನೂನು ಬಹಳ ಹಿಂದೆಯೇ ಉತ್ತರ ನೀಡಿದೆ. 1860ರ ಭಾರತೀಯ ದಂಡ ಸಂಹಿತೆಯ 87ನೆಯ ಕಲಮು, ಹದಿನೆಂಟು ವರ್ಷ ದಾಟಿದ ವ್ಯಕ್ತಿಯ ಒಪ್ಪಿಗೆಯ ಕುರಿತಾದದ್ದು. ಅದಕ್ಕೆ ಕೊಟ್ಟ ಉದಾಹರಣೆ ಕ್ರೀಡೆಯದ್ದೇ ಎಂಬುದು ಸ್ವಾರಸ್ಯಕರ. ವಿನೋದಕ್ಕಾಗಿ ಕತ್ತಿವರಸೆ ಆಡಲು ಒಪ್ಪಿದ ಇಬ್ಬರಲ್ಲಿ ಒಬ್ಬನು ನ್ಯಾಯವಾಗಿ ಆಡುತ್ತ ಇನ್ನೊಬ್ಬನಿಗೆ ಗಾಯ ಮಾಡಿದರೆ ಅದು ಅಪರಾಧವಲ್ಲ. ಆದರೆ ಆ ಒಪ್ಪಿಗೆ ಮೋಸದಾಟವಿಲ್ಲದೆ ಆದ ಗಾಯಕ್ಕೆ ಮಾತ್ರ ಸೀಮಿತ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 25ನೆಯ ಕಲಮು ಇದೇ ತತ್ತ್ವವನ್ನು ಮುಂದುವರಿಸಿದೆ. ಬಯಲಿಗೆ ಇಳಿದವನು ಆಟದ ಅಪಾಯಕ್ಕೆ ಒಪ್ಪಿದ್ದಾನೆಯೇ ಹೊರತು ಎದುರಾಳಿಯ ದುರ್ವರ್ತನೆಗೆ ಅಲ್ಲ. ಊರಿನ ಆಟದ ಜಗಳಗಳನ್ನು ಠಾಣೆಗೆ ಒಯ್ಯಿರಿ ಎಂದು ನಾನು ಹೇಳುತ್ತಿಲ್ಲ. 'ಆಟ ಎಂದ ಮೇಲೆ' ಎಂಬ ಮಾತಿಗೆ ಒಂದು ಎಲ್ಲೆ ಇದೆ, ಆ ಎಲ್ಲೆ ಹೊಸದಾಗಿ ಹುಟ್ಟಿದ ನಾಜೂಕುತನವಲ್ಲ ಎಂಬುದಷ್ಟೇ ನನ್ನ ವಾದ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹುರುಪಿನಿಂದ ಆಡುವುದು ಬೇರೆ, ಎದುರಾಳಿಯನ್ನು ಹಣಿಯಲು ಆಡುವುದು ಬೇರೆ. ಕಬಡ್ಡಿಯಲ್ಲಿ ತೊಡೆ ತಟ್ಟುವುದು, ರೈಡರನ್ನು ಎತ್ತಿ ಕೆಡಹುವುದು ಆಟದ ಭಾಗ. ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕಾಲುಗಳ ನಡುವೆ ಕತ್ತರಿ ಹಾಕುವುದು, ಬೇಕೆಂದೇ ಅಂಕಣದ ಹೊರಕ್ಕೆ ತಳ್ಳುವುದು ಆ ಆಟದ ನಿಯಮಗಳೇ ನಿಷೇಧಿಸಿದ ಕೃತ್ಯಗಳು. ಶಟ್ಲ್‌ನ ಡಬಲ್ಸ್‌ನಲ್ಲಿ ಎದುರಾಳಿಯ ಮೈಗೆ ಗುರಿಯಿಟ್ಟು ಹೊಡೆಯುವುದು ನಿಯಮಬಾಹಿರವಲ್ಲ. ಆದರೆ ಬಲೆಯ ಬಳಿ ನಿಂತ ಐವತ್ತೈದರ ಗೃಹಿಣಿಯ ಮುಖಕ್ಕೆ ನಾಲ್ಕು ಮಾರು ದೂರದಿಂದ ಪೂರ್ಣ ಬಲದಲ್ಲಿ ಹೊಡೆದು, ಆಕೆ ಕಣ್ಣು ಮುಚ್ಚಿಕೊಂಡಾಗ ನಗುವುದನ್ನು ಯಾವ ನಿಯಮಪುಸ್ತಕದ ಆಸರೆಯಿಂದ ಸಮರ್ಥಿಸೋಣ? ನಿಯಮ ಒಪ್ಪುವ ಎಲ್ಲವೂ ಸಂದರ್ಭಕ್ಕೆ ಒಪ್ಪುವುದಿಲ್ಲ. ಹವ್ಯಾಸದ ಆಟದಲ್ಲಿ ಎದುರಾಳಿಯ ವಯಸ್ಸು, ಶಕ್ತಿ, ಕೌಶಲ ಒಂದೇ ಮಟ್ಟದಲ್ಲಿರುವುದಿಲ್ಲ. ಅದನ್ನು ಗಮನಿಸುವುದು ಕೂಡ ಆಟದ ಜಾಣ್ಮೆಯೇ.

ಪ್ರಾಯಸ್ಥರಲ್ಲಿ ಈ ಅತಿರೇಕ ಏಕೆ? ಶಾಲಾ ಮಕ್ಕಳ ಆಟಕ್ಕೆ ಒಬ್ಬ ದೈಹಿಕ ಶಿಕ್ಷಕರಿರುತ್ತಾರೆ. ವೃತ್ತಿಪರ ಆಟಕ್ಕೆ ತರಬೇತುದಾರ, ತೀರ್ಪುಗಾರ, ಕ್ಯಾಮೆರಾ, ದಂಡ ಎಲ್ಲವೂ ಇರುತ್ತವೆ. ಇವೆರಡರ ನಡುವಿನ ಹವ್ಯಾಸದ ಆಟಕ್ಕೆ ಯಾರೂ ಇಲ್ಲ. ಬಹಳಷ್ಟು ಕಡೆ ಹೊರಗೆ ಕುಳಿತ ತಂಡದವರಲ್ಲಿ ಒಬ್ಬರು ಸೀಟಿ ಹಿಡಿದು ತೀರ್ಪುಗಾರರಾಗುತ್ತಾರೆ. ಜೊತೆಗೆ, ಇಪ್ಪತ್ತರ ನೆನಪು ಮನಸ್ಸಿನಲ್ಲಿದ್ದು ನಲವತ್ತೈದರ ದೇಹ ಅದಕ್ಕೆ ಸಹಕರಿಸದಿದ್ದಾಗ ಹುಟ್ಟುವ ಅಸಹನೆ ಇದೆ. ಕಚೇರಿಯ, ವ್ಯಾಪಾರದ, ಮನೆಯ ಒತ್ತಡವನ್ನು ತೋಡಿಕೊಳ್ಳಲು ಬೇರೆ ಜಾಗವಿಲ್ಲದವರೂ ಇದ್ದಾರೆ. 2008ರಲ್ಲಿ ಐಪಿಎಲ್, 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಆಟಗಾರರ ಹಾವಭಾವಗಳು ಮನೆಮನೆ ತಲುಪಿವೆ. ಕೆಣಕುವುದು, ದಿಟ್ಟಿಸುವುದು, ಮುಷ್ಟಿ ಬೀಸುವುದು ಅನುಕರಣೆಗೆ ಸುಲಭ. ಆ ಆಟಗಾರರ ಹಿಂದಿರುವ ಶಿಸ್ತು, ತಪ್ಪಿದರೆ ತೆರಬೇಕಾದ ದಂಡ ಪರದೆಯ ಮೇಲೆ ಅಷ್ಟಾಗಿ ಕಾಣಿಸುವುದಿಲ್ಲ.

ಇದೆಲ್ಲ ಕಾರಣಗಳ ವಿವರಣೆ. ಪರಿಣಾಮದ ವಿಚಾರಕ್ಕೆ ಬಂದರೆ, ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ನೆನಪಾಗುವುದು ಗ್ರೆಶಾಮನ ನಿಯಮ. ಹದಿನಾರನೆಯ ಶತಮಾನದ ಇಂಗ್ಲೆಂಡಿನ ವರ್ತಕ ಥಾಮಸ್ ಗ್ರೆಶಾಮನ ಹೆಸರಿನಲ್ಲಿ ಪ್ರಸಿದ್ಧವಾದ ಈ ನಿಯಮದ ಪ್ರಕಾರ ಕೆಟ್ಟ ಹಣ ಒಳ್ಳೆಯ ಹಣವನ್ನು ಚಲಾವಣೆಯಿಂದ ಹೊರದೂಡುತ್ತದೆ. ಸವಕಲು ನಾಣ್ಯವೂ ಪೂರ್ಣ ತೂಕದ ನಾಣ್ಯವೂ ಒಟ್ಟಿಗೆ ಚಲಾವಣೆಯಲ್ಲಿದ್ದರೆ, ಜನ ತೂಕದ ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟು ಸವಕಲನ್ನು ಮಾತ್ರ ಮಾರುಕಟ್ಟೆಗೆ ತರುತ್ತಾರೆ. ಕೊನೆಗೆ ಕೈಯಿಂದ ಕೈಗೆ ಸಾಗುವುದು ಸವಕಲೇ.

ನಮ್ಮ ಆಟದ ಬಳಗಗಳಲ್ಲಿ ಆಗುತ್ತಿರುವುದೂ ಇದೇ. ಜಗಳಗಂಟ ಆಟಗಾರನೊಬ್ಬ ಬಳಗಕ್ಕೆ ಸೇರಿದರೆ ಮೊದಲು ಬಿಡುವವರು ಮಹಿಳೆಯರು. ಅನಂತರ ವಯಸ್ಸಾದವರು. ಆಮೇಲೆ, ಪೆಟ್ಟಾದರೆ ದಿನಗೂಲಿ ತಪ್ಪುತ್ತದೆ ಎಂಬ ಭಯವಿರುವ ಬಡವರು. ಅವರಾರೂ ಜಗಳ ಮಾಡಿ ಹೋಗುವುದಿಲ್ಲ. 'ಮೊಣಕಾಲು ನೋವು', 'ಮಗಳ ಪರೀಕ್ಷೆ', 'ಮನೆಯಲ್ಲಿ ಕೆಲಸ' ಎಂದು ಸೌಜನ್ಯದ ಕಾರಣ ಕೊಟ್ಟು ಮೆಲ್ಲನೆ ಮರೆಯಾಗುತ್ತಾರೆ. ಹೀಗಾಗಿ ಬಳಗಕ್ಕೆ ತನ್ನ ನಷ್ಟದ ಲೆಕ್ಕವೇ ಸಿಗುವುದಿಲ್ಲ. ಉಳಿದವರು ಒಂದೋ ಅವನಂತಹವರು, ಇಲ್ಲವೇ ಅವನಂತಾಗಲು ಕಲಿತವರು. ವರ್ಷ ಕಳೆಯುವಷ್ಟರಲ್ಲಿ ಅಂಗಣದ ಬಾಡಿಗೆ ಹಂಚಿಕೊಳ್ಳಲೂ ಜನ ಸಾಲದೆ ಬಳಗ ಮುರಿದು ಬೀಳುತ್ತದೆ.

ಆದರೆ ಗ್ರೆಶಾಮನ ನಿಯಮಕ್ಕೆ ಒಂದು ಷರತ್ತು ಇದೆ. ಅದನ್ನು ಪಠ್ಯಪುಸ್ತಕ ಹೇಳುತ್ತದೆ, ನಾವು ಮರೆಯುತ್ತೇವೆ. ಎರಡೂ ನಾಣ್ಯಗಳನ್ನು ಒಂದೇ ಮುಖಬೆಲೆಗೆ ಸ್ವೀಕರಿಸಲೇಬೇಕೆಂಬ ಕಟ್ಟಳೆ ಇದ್ದಾಗ ಮಾತ್ರ ಕೆಟ್ಟದ್ದು ಒಳ್ಳೆಯದನ್ನು ಹೊರದೂಡುತ್ತದೆ. ತೂಗಿ ತೆಗೆದುಕೊಳ್ಳುವ ಸ್ವಾತಂತ್ರ್ಯವಿದ್ದರೆ ಸವಕಲು ನಾಣ್ಯ ತನ್ನ ನಿಜವಾದ ಬೆಲೆಗೆ ಇಳಿಯುತ್ತದೆ. ಆಟದ ಬಯಲಿನಲ್ಲಿ ಸಭ್ಯನಿಗೂ ಜಗಳಗಂಟನಿಗೂ ಒಂದೇ ಮುಖಬೆಲೆ ಕೊಟ್ಟವರು ನಾವೇ. 'ಚೆನ್ನಾಗಿ ಆಡುತ್ತಾನಲ್ಲ' ಎಂಬ ಒಂದೇ ಮಾತಿನಿಂದ ಉಳಿದೆಲ್ಲವನ್ನೂ ಮನ್ನಿಸುತ್ತೇವೆ. ಪರಿಹಾರದ ದಾರಿ ಇಲ್ಲಿಂದಲೇ ಆರಂಭವಾಗಬೇಕು.

ಮೊದಲಿಗೆ ವೈಯಕ್ತಿಕ ನೆಲೆಯ ಪ್ರಶ್ನೆ. ಎದುರಿಗೆ ಇಂತಹವನೊಬ್ಬ ನಿಂತಾಗ ಆಡುವವನು ಏನು ಮಾಡಬೇಕು? ಸೇಡು ತೀರಿಸಿಕೊಳ್ಳುವುದು ಸಹಜವಾದ ಪ್ರಚೋದನೆ. ಅದು ನಿಷ್ಪ್ರಯೋಜಕ ಎಂಬುದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕುಂದಾಪುರದ ಉತ್ತರಕ್ಕಿರುವ ಪಡುಕೋಣೆ ಗ್ರಾಮದ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಪ್ರಕಾಶ್ ಪಡುಕೋಣೆಯವರು 1980ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯ ಅಂತಿಮ ಪಂದ್ಯ ಆಡಿದರು. ಎದುರಿಗೆ ಇದ್ದವರು ಹಿಂದಿನ ಎರಡು ವರ್ಷಗಳ ಸತತ ವಿಜೇತ, ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಅವರ ಜಿಗಿದು ಹೊಡೆಯುವ ಸ್ಮ್ಯಾಷ್ ಜಗತ್ತಿನಾದ್ಯಂತ ಹೆಸರಾಗಿತ್ತು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಮಂಟಪದಲ್ಲಿ ಆಟ ಕಲಿತ ಪ್ರಕಾಶರು ಬಲಕ್ಕೆ ಬಲದಿಂದ ಉತ್ತರ ಕೊಡಲು ಹೋಗಲಿಲ್ಲ. ಆಟದ ಗತಿಯನ್ನು ತಗ್ಗಿಸಿ, ಚೆಂಡನ್ನು ಎದುರಾಳಿ ಬಯಸದ ಜಾಗಗಳಲ್ಲಿ ಇಳಿಸಿ, 15–3, 15–10ರಿಂದ ಗೆದ್ದರು. ಕಿಂಗ್ ಅವರದ್ದು ನ್ಯಾಯವಾದ ಆಕ್ರಮಣ, ದುರ್ವರ್ತನೆಯಲ್ಲ. ಆದರೂ ಪಾಠ ನಮಗೆ ಸಲ್ಲುತ್ತದೆ. ಆಕ್ರಮಣಕಾರಿ ಎದುರಾಳಿ ತನಗೆ ಒಗ್ಗುವ ವೇಗದ ಆಟಕ್ಕೆ ನಮ್ಮನ್ನು ಎಳೆಯುತ್ತಾನೆ. ಆ ವೇಗವನ್ನು ನಾವು ಒಪ್ಪಿಕೊಂಡ ಕ್ಷಣವೇ ಅವನ ಅರ್ಧ ಕೆಲಸ ಮುಗಿಯಿತು.

ಶಾಂತವಾಗಿ ಆಡಿದರೆ ಯಾವಾಗಲೂ ಗೆಲುವು ಎಂಬ ಭ್ರಮೆಯನ್ನು ಬಿತ್ತುವುದು ನನ್ನ ಉದ್ದೇಶವಲ್ಲ. ಅದೇ 1980ರ ಫೆಬ್ರುವರಿಯಲ್ಲಿ, ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ನಡೆದ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯವನ್ನು ನೆನೆಯಿರಿ. ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಎಂದು ಘೋಷಿಸಿದಾಗ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಟೇಲರ್ 43 ರನ್ ಗಳಿಸಿದರು. ಬೋಥಮ್ ಜೊತೆ 171 ರನ್‌ಗಳ ಜೊತೆಯಾಟ ಕಟ್ಟಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಸಭ್ಯತೆಗೆ ಬೆಲೆ ತೆರಬೇಕಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕಪತ್ರ ಬೇಕಿಲ್ಲ. ಆ ಪಂದ್ಯವನ್ನು ಇಂದಿಗೂ ನೆನೆಯುವವರು ಮೊದಲು ಹೇಳುವುದು ಸೋಲನ್ನಲ್ಲ, ವಿಶ್ವನಾಥ್ ಅವರ ನಡೆಯನ್ನು. ದೇಶದ ನಾಯಕ ಟೆಸ್ಟ್ ಪಂದ್ಯದಲ್ಲಿ ಆ ಬೆಲೆ ತೆರಬಲ್ಲನಾದರೆ, ಒಂದು ಟ್ರೋಫಿ ಹಾಗೂ ಕೆಲವು ಸಾವಿರ ರೂಪಾಯಿಯ ಪಂದ್ಯಾಟದಲ್ಲಿ ನಾವು ತೆರಲಾರೆವೇ?

ಹಾಗೆಂದು ಎಲ್ಲವನ್ನೂ ಸಹಿಸಿಕೊಂಡು ಕೂರುವುದು ಸದ್ಗುಣವಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ 1980ರ ಆಸುಪಾಸಿನಲ್ಲಿ ಕಂಪ್ಯೂಟರ್ ಮೂಲಕ ಒಂದು ಸ್ಪರ್ಧೆ ಏರ್ಪಡಿಸಿದ್ದರು. ಮತ್ತೆ ಮತ್ತೆ ಎದುರಾಗುವ ಇಬ್ಬರು ಪರಸ್ಪರ ಸಹಕರಿಸಬೇಕೇ, ವಂಚಿಸಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಮೊದಲ ಸುತ್ತಿಗೆ 14, ಎರಡನೆಯ ಸುತ್ತಿಗೆ 62 ತಂತ್ರಗಳು ಬಂದವು. ಎರಡರಲ್ಲಿಯೂ ಗೆದ್ದದ್ದು ಅನಟೋಲ್ ರಾಪೊಪೋರ್ಟ್ ಕಳುಹಿಸಿದ ಅತ್ಯಂತ ಸರಳ ತಂತ್ರ. ಮೊದಲು ಸಹಕರಿಸು, ಅನಂತರ ಎದುರಿನವನು ಹಿಂದಿನ ಸರದಿಯಲ್ಲಿ ಹೇಗೆ ನಡೆದುಕೊಂಡನೋ ಹಾಗೆಯೇ ನಡೆದುಕೋ. ತಾನಾಗಿ ಕೆಣಕದಿರುವುದು, ಕೆಣಕಿದರೆ ತಕ್ಷಣ ಪ್ರತಿಕ್ರಿಯಿಸುವುದು, ತಿದ್ದಿಕೊಂಡರೆ ಕೂಡಲೇ ಮರೆಯುವುದು, ತನ್ನ ನಡೆಯನ್ನು ಎದುರಿನವನಿಗೆ ಅರ್ಥವಾಗುವಂತೆ ಸ್ಪಷ್ಟವಾಗಿಡುವುದು ಅದರ ಗುಣಗಳು. ಇದೇ ಕ್ಷೇತ್ರದ ಮುಂದಿನ ಅಧ್ಯಯನಗಳು ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿದವು. ಅಚಾತುರ್ಯದಿಂದ ಆದ ತಪ್ಪನ್ನು ಬೇಕೆಂದೇ ಮಾಡಿದ್ದೆಂದು ತಿಳಿದರೆ ಈ ತಂತ್ರ ಮುಗಿಯದ ಸೇಡಿನ ಸರಣಿಯಾಗುತ್ತದೆ. ಆದ್ದರಿಂದ ಆಗಾಗ ಒಂದು ತಪ್ಪನ್ನು ಕಂಡೂ ಬಿಡುವ ಔದಾರ್ಯ ಬೇಕು.

ಇದನ್ನು ನಮ್ಮ ಬಯಲಿಗೆ ಅನ್ವಯಿಸುವುದು ಕಷ್ಟವಲ್ಲ. ಮೊದಲ ಸಲ ಕಾಲು ತಾಗಿದರೆ ಅದು ಆಕಸ್ಮಿಕ ಎಂದೇ ತಿಳಿಯಬೇಕು. ಎರಡನೆಯ ಸಲ ಆಟ ನಿಲ್ಲಿಸಿ, ದನಿ ಏರಿಸದೆ, ಅವನಿಗೇ ನೇರವಾಗಿ ಹೇಳಬೇಕು. 'ನೀನು ಹೀಗೆ' ಎಂದು ಸ್ವಭಾವದ ಮೇಲೆ ತೀರ್ಪು ಕೊಡುವ ಬದಲು, 'ಕಾಲು ಗೆರೆ ದಾಟಿತು, ನನಗೆ ಪೆಟ್ಟಾಗುತ್ತದೆ' ಎಂದು ಕೃತ್ಯವನ್ನಷ್ಟೇ ಹೆಸರಿಸಬೇಕು. ಅದರಿಂದ ಫಲ ಕಾಣದಿದ್ದರೆ ಅವನದೇ ತಂಡದ ಹಿರಿಯನ ಮೂಲಕ ಹೇಳಿಸಬೇಕು. ಎದುರು ತಂಡದವರು ನೂರು ಸಲ ಹೇಳಿದರೂ ಕೇಳದವನು ತನ್ನವರು ಒಮ್ಮೆ ಹೇಳಿದರೆ ತಗ್ಗುತ್ತಾನೆ. ತಹಸೀಲ್ದಾರನಾಗಿ ಹಬ್ಬ ಹರಿದಿನಗಳ ಮುನ್ನ ನಾನು ನಡೆಸಿದ ಶಾಂತಿ ಸಭೆಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆಯೇ ನಿಂತಿದ್ದವು. ಒಂದು ಪಂದ್ಯಾಟದಲ್ಲಿ ಕಾವೇರಿದ ಕ್ಷಣದಲ್ಲಿ, ಜಗಳಕ್ಕೆ ನಿಂತವನ ತಂಡದ ಹಿರಿಯರೇ ಒಳಗೆ ಬಂದು, 'ಎಂತ ಮಾರಾಯಾ, ಆಡುಕ್ ಬಂದದ್ದಾ, ಹೊಡ್ದಾಡುಕ್ ಬಂದದ್ದಾ? ನಾಳಿಗ್ ಎಲ್ಲರಿಗೂ ಕೆಲ್ಸಕ್ ಹೋಪುಕಿತ್ತ್' ಎಂದದ್ದನ್ನು ಕೇಳಿದ್ದೇನೆ. ಯಾವ ನಿಯಮಪುಸ್ತಕವೂ ಹವ್ಯಾಸದ ಆಟದ ಧರ್ಮವನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿರಲಾರದು.

ಅದಕ್ಕೂ ಬಗ್ಗದಿದ್ದರೆ ಆಟ ಬಿಟ್ಟು ಹೊರಬರಬೇಕು. ನಮ್ಮ ಸಮಾಜದಲ್ಲಿ ಇದನ್ನು ಹೇಡಿತನವೆಂದು ಭಾವಿಸುತ್ತಾರೆ. ಅದು ತಪ್ಪು. ಹವ್ಯಾಸದ ಆಟದಲ್ಲಿ ಆಡುವವನ ಕೈಯಲ್ಲಿರುವ ಅತ್ಯಂತ ನ್ಯಾಯವಾದ ಅಸ್ತ್ರವೆಂದರೆ ತನ್ನ ಪಾಲ್ಗೊಳ್ಳುವಿಕೆಯನ್ನು ಹಿಂತೆಗೆದುಕೊಳ್ಳುವುದು. ಎದುರಾಳಿ ಇಲ್ಲದೆ ಯಾವ ಜಗಳಗಂಟನೂ ಆಡಲಾರ. ಆದರೆ ಒಬ್ಬರು ಮೌನವಾಗಿ ಹೊರನಡೆದರೆ ಅದು ಸೋಲಾಗುತ್ತದೆ. ಕಾರಣ ತಿಳಿಸಿ ನಾಲ್ವರು ಒಟ್ಟಿಗೆ ನಡೆದರೆ ಅದು ನಿರ್ಣಯವಾಗುತ್ತದೆ. 'ಮಗಳ ಪರೀಕ್ಷೆ' ಎಂಬ ನೆಪಗಳನ್ನು ನಾವು ಕೈಬಿಡಬೇಕಾದದ್ದು ಈ ಕಾರಣಕ್ಕೆ.

ವ್ಯಕ್ತಿಗಳ ಸಂಯಮವೊಂದನ್ನೇ ನೆಚ್ಚಿಕೊಂಡರೆ ಸಾಲದು, ವ್ಯವಸ್ಥೆಯೂ ಬೇಕು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಎಲಿನೋರ್ ಆಸ್ಟ್ರಮ್ ಅವರು ಹಳ್ಳಿಗಳ ಗೋಮಾಳ, ನೀರಾವರಿ ಕಾಲುವೆ, ಮೀನುಗಾರಿಕಾ ನೆಲೆ ಮುಂತಾದ ಸಮುದಾಯದ ಸ್ವತ್ತುಗಳು ಎಲ್ಲಿ ಉಳಿದವು, ಎಲ್ಲಿ ಹಾಳಾದವು ಎಂಬುದನ್ನು ಜೀವಮಾನವಿಡೀ ಅಧ್ಯಯನ ಮಾಡಿದವರು. ಉಳಿದ ಕಡೆಗಳಲ್ಲಿ ಅವರು ಕಂಡ ಸಮಾನ ಅಂಶಗಳಲ್ಲಿ ಒಂದು ಹಂತಹಂತದ ಶಿಕ್ಷೆ. ಮೊದಲ ತಪ್ಪಿಗೆ ಸಣ್ಣ ದಂಡ, ಪುನರಾವರ್ತನೆಗೆ ಹೆಚ್ಚಿನ ದಂಡ, ಕೊನೆಗೆ ಬಹಿಷ್ಕಾರ. ಇನ್ನೊಂದು, ನಿಯಮ ಮಾಡುವುದರಲ್ಲಿ ಅದಕ್ಕೆ ಒಳಪಡುವವರ ಪಾಲು. ಊರಿನ ಆಟದ ಬಯಲು ಕೂಡ ಇಂತಹ ಸಮುದಾಯದ ಸ್ವತ್ತೇ ಅಲ್ಲವೇ? ಒಬ್ಬನ ಅತಿಬಳಕೆಯಿಂದ ಎಲ್ಲರಿಗೂ ಹಾಳಾಗುವಂಥದ್ದು.

ಹಂತಹಂತದ ಶಿಕ್ಷೆ ಆಟದ ಲೋಕಕ್ಕೆ ಹೊಸದಲ್ಲ. 1970ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಹಳದಿ ಮತ್ತು ಕೆಂಪು ಕಾರ್ಡುಗಳು ಬಂದವು. ಕಬಡ್ಡಿಯಲ್ಲಿ ಹಸಿರು ಕಾರ್ಡು ಎಚ್ಚರಿಕೆಗೆ, ಹಳದಿ ಎರಡು ನಿಮಿಷದ ಅಮಾನತಿಗೆ, ಕೆಂಪು ಉಚ್ಚಾಟನೆಗೆ. ಸಭ್ಯರ ಆಟವೆಂದು ಹೆಸರಾದ ಕ್ರಿಕೆಟ್ ಕೂಡ 2017ರ ಅಕ್ಟೋಬರ್‌ನಲ್ಲಿ ತನ್ನ ನಿಯಮಾವಳಿಗೆ ಆಟಗಾರರ ನಡವಳಿಕೆಯ ಕುರಿತಾದ 42ನೆಯ ನಿಯಮವನ್ನು ಸೇರಿಸಿತು. ತಪ್ಪಿನ ನಾಲ್ಕು ಹಂತಗಳನ್ನು ಗುರುತಿಸಿ, ಐದು ರನ್‌ಗಳ ದಂಡದಿಂದ ಹಿಡಿದು ಪಂದ್ಯದಿಂದಲೇ ಹೊರಹಾಕುವವರೆಗಿನ ಅಧಿಕಾರವನ್ನು ಅಂಪೈರ್‌ಗಳಿಗೆ ಕೊಟ್ಟಿತು. ಈ ನಿಯಮದ ಮಹತ್ವ ದೊಡ್ಡ ಪಂದ್ಯಗಳಿಗಿಂತ ಕ್ಲಬ್ ಮಟ್ಟದ ಆಟಕ್ಕೆ ಹೆಚ್ಚು. ದೊಡ್ಡ ಪಂದ್ಯಗಳಲ್ಲಿ ಸಂಭಾವನೆ ಕಡಿತ ಮಾಡಬಹುದು. ಸಂಭಾವನೆಯೇ ಇಲ್ಲದ ಆಟಗಾರನನ್ನು ಬಯಲಿನಲ್ಲಿಯೇ, ಆ ಕ್ಷಣದಲ್ಲಿಯೇ ತಡೆಯಬೇಕು. ಮಾರನೆಯ ದಿನದ ವಿಚಾರಣೆ ಅಲ್ಲಿ ನಡೆಯುವುದಿಲ್ಲ.

ನಮ್ಮ ನೆಲದಲ್ಲಿಯೇ ಇದಕ್ಕೊಂದು ಮಾದರಿ ಇದೆ. ಸಾಲಿಗ್ರಾಮ ಯಕ್ಷಗಾನದ ನಾಡು. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ವಾದಕ್ಕೆ ಇಳಿಯುವುದನ್ನು ಕೇಳಿದವರಿಗೆ ಮಾತು ಎಷ್ಟು ಹರಿತವಾಗಬಲ್ಲದು ಎಂಬುದು ಗೊತ್ತು. ಪಾತ್ರದ ವಾದ ಮೀರಿ ವ್ಯಕ್ತಿಗತವಾದ ಚುಚ್ಚು ಆರಂಭವಾದಾಗ ಜಾಣ ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಯಾರನ್ನೂ ಅವಮಾನಿಸದೆ, ಉಪದೇಶ ಮಾಡದೆ, ಪ್ರಸಂಗವನ್ನು ದಾರಿಗೆ ತರುತ್ತಾರೆ. ಅವರಿಗೆ ಆ ಅಧಿಕಾರ ಉಂಟೆಂಬುದನ್ನು ಇಬ್ಬರೂ ಅರ್ಥಧಾರಿಗಳು ಕೂರುವ ಮೊದಲೇ ಒಪ್ಪಿರುತ್ತಾರೆ. ನಮ್ಮ ಪಂದ್ಯಾಟಗಳಿಗೆ ಬೇಕಾದದ್ದು ಇಂತಹ ಒಬ್ಬ ಭಾಗವತ. ಎರಡೂ ತಂಡಗಳಿಗೆ ಸೇರದ ಊರಿನಿಂದ ಕರೆಸಿದ, ಗೌರವಧನ ಪಡೆಯುವ, ಸಂಘಟಕರು ಬೆನ್ನಿಗೆ ನಿಲ್ಲುವ ತೀರ್ಪುಗಾರ. ಲಕ್ಷಗಟ್ಟಲೆ ರೂಪಾಯಿ ದೀಪಾಲಂಕಾರಕ್ಕೆ, ಧ್ವನಿವರ್ಧಕಕ್ಕೆ ಸುರಿಯುವ ಸಂಘಟಕರು ತೀರ್ಪುಗಾರರ ವಿಷಯದಲ್ಲಿ ಮಾಡುವ ಜಿಪುಣತನ ಅರ್ಥವಾಗದ್ದು.

ಬಹುಮಾನದ ರಚನೆಯನ್ನೂ ಮರುಪರಿಶೀಲಿಸಬೇಕು. ಎಲ್ಲ ಮೊತ್ತವೂ ಮೊದಲ ಎರಡು ಸ್ಥಾನಗಳಿಗೆ ಮೀಸಲಾದರೆ, ಒಂದೊಂದು ಅಂಕಕ್ಕೂ ತಗಲುವ ಬೆಲೆ ಏರುತ್ತದೆ. ಹೊರಗಿನಿಂದ ಹಣ ಕೊಟ್ಟು ಆಟಗಾರರನ್ನು ಕರೆತರುವ ಚಾಳಿ ಬೆಳೆಯುತ್ತದೆ. ಅವರಿಗೆ ಮರುದಿನ ಇದೇ ಊರಿನ ಮುಖ ನೋಡಬೇಕಾದ ಹಂಗಿಲ್ಲ. ಆಕ್ಸೆಲ್‌ರಾಡ್ ಹೇಳಿದ ಸಹಕಾರ ಚಿಗುರುವುದು ಮತ್ತೆ ಮತ್ತೆ ಎದುರಾಗುವವರ ನಡುವೆ ಮಾತ್ರ. ಒಂದೇ ರಾತ್ರಿಗೆ ಬಂದು ಹೋಗುವವನಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಬಹುಮಾನದ ಒಂದು ಭಾಗವನ್ನು ಸದ್ವರ್ತನೆಯ ತಂಡಕ್ಕೆ ಮೀಸಲಿಡುವುದು, ಉಚ್ಚಾಟಿತ ಆಟಗಾರನ ಹೆಸರನ್ನು ಸುತ್ತಲಿನ ಸಂಘಟಕರು ಪರಸ್ಪರ ತಿಳಿಸಿ ಆ ಋತುವಿನ ಮಟ್ಟಿಗೆ ಎಲ್ಲ ಕಡೆ ತಡೆಯುವುದು, ಪ್ರವೇಶ ಶುಲ್ಕದಲ್ಲಿ ಅಲ್ಪ ಪಾಲನ್ನು ಗಾಯಾಳುಗಳ ನಿಧಿಗೆ ಇಡುವುದು, ಇವು ಯಾವುದೂ ಅಸಾಧ್ಯವಲ್ಲ. ಕೊನೆಯದು ಇದ್ದಿದ್ದರೆ ನಾನು ಹೇಳಿದ ಬಸ್ಸಿನ ನಿರ್ವಾಹಕರ ಮನೆಯಲ್ಲಿ ಕನಿಷ್ಠ ಕೆಲವು ತಿಂಗಳ ಅಕ್ಕಿಯ ಚಿಂತೆ ಇರುತ್ತಿರಲಿಲ್ಲ.

ಈ ವಾದಕ್ಕೆ ಗಂಭೀರವಾದ ಒಂದು ಆಕ್ಷೇಪವಿದೆ. ಯಾರನ್ನು ಆಕ್ರಮಣಕಾರಿ ಎಂದು ಕರೆಯುತ್ತೇವೆ ಎಂಬುದು ನಮ್ಮ ಪೂರ್ವಗ್ರಹವನ್ನು ಅವಲಂಬಿಸಿರುವುದಿಲ್ಲವೇ? ಇದನ್ನು ತಳ್ಳಿಹಾಕುವಂತಿಲ್ಲ. ಕಡಲಿನ ಅಬ್ಬರದ ನಡುವೆ ದೋಣಿಯಿಂದ ದೋಣಿಗೆ ಕೂಗಿ ಮಾತನಾಡಿ ರೂಢಿಯಾದವನ ದನಿ ಬಯಲಿನಲ್ಲಿಯೂ ದೊಡ್ಡದಾಗಿರುತ್ತದೆ. ಅದು ಆಕ್ರಮಣವಲ್ಲ. ಅದೇ ವೇಳೆ, ಮೆಲುದನಿಯಲ್ಲಿ, ಶುದ್ಧ ಭಾಷೆಯಲ್ಲಿ ಎದುರಾಳಿಯ ಕಸುಬನ್ನು, ಜಾತಿಯನ್ನು, ಬಣ್ಣವನ್ನು ಹಂಗಿಸುವ ವಿದ್ಯಾವಂತನು ಸಭ್ಯನೆಂಬ ಹೆಸರು ಉಳಿಸಿಕೊಂಡಿರುತ್ತಾನೆ. ಪ್ರತಿ ಗೆರೆಯ ತೀರ್ಪನ್ನೂ ತನ್ನ ಹುದ್ದೆಯ ಗತ್ತಿನಿಂದ ತನ್ನ ಕಡೆಗೆ ಎಳೆದುಕೊಳ್ಳುವ ಅಧಿಕಾರಿಗಳನ್ನೂ ನಾನು ಕಂಡಿದ್ದೇನೆ. ನೌಕರಶಾಹಿಯ ಒಳಗಿನವನಾಗಿ ಹೇಳುವುದಾದರೆ, ಇದೂ ಆಕ್ರಮಣದ ಒಂದು ಬಗೆಯೇ, ಮೈಗೆ ತಾಗದೆ ಮನಸ್ಸಿಗೆ ತಾಗುವಂಥದ್ದು. ಆದ್ದರಿಂದಲೇ ನಿಯಮ ದನಿಯನ್ನೂ ವೇಷವನ್ನೂ ಅಳೆಯದೆ ಕೃತ್ಯವನ್ನು ಅಳೆಯಬೇಕು. ಗೆರೆ ದಾಟಿದ ಕಾಲು, ಮುಖಕ್ಕೆ ಗುರಿಯಿಟ್ಟ ಹೊಡೆತ, ಹೆಸರಿಟ್ಟ ನಿಂದನೆ, ತೀರ್ಪುಗಾರನ ಮೇಲೆ ಒತ್ತಡ ಇವು ನಾಲ್ಕೂ ಯಾರು ಮಾಡಿದರೂ ತಪ್ಪೆಂದು ಪಂದ್ಯಕ್ಕೆ ಮೊದಲೇ ಓದಿ ಹೇಳಬೇಕು. ಲಿಖಿತ ನಿಯಮ ದುರ್ಬಲರ ಪಕ್ಷಪಾತಿ. ಅಲಿಖಿತ ನಿಯಮವನ್ನು ಬಲಿಷ್ಠರು ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ.

ಇನ್ನೊಂದು ಆಕ್ಷೇಪ, ಇಷ್ಟೆಲ್ಲ ಕಟ್ಟುಪಾಡು ತಂದರೆ ಆಟದ ಕಸುವೇ ಹೋಗುತ್ತದೆ ಎಂಬುದು. ಅನುಭವ ಬೇರೆಯೇ ಹೇಳುತ್ತದೆ. ಎದುರಾಳಿ ತನ್ನ ಕಾಲನ್ನು ಮುರಿಯಲಾರ ಎಂಬ ನಂಬಿಕೆ ಇದ್ದಾಗಲೇ ಮನುಷ್ಯ ಪೂರ್ಣವಾಗಿ ಜಿಗಿಯುತ್ತಾನೆ. ಆ ನಂಬಿಕೆ ಇಲ್ಲದ ಕಡೆ ಎಲ್ಲರೂ ಅರ್ಧ ಮನಸ್ಸಿನಿಂದ, ಅರ್ಧ ಎತ್ತರಕ್ಕೆ ಜಿಗಿಯುತ್ತಾರೆ. ಕಟ್ಟುಪಾಡು ಆಟವನ್ನು ಕುಗ್ಗಿಸುವುದಿಲ್ಲ, ಆಟಕ್ಕೆ ಧೈರ್ಯ ಕೊಡುತ್ತದೆ.

ತಪ್ಪು ಮಾಡಿದವನನ್ನು ಶಾಶ್ವತವಾಗಿ ಹೊರಗಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಒಂದು ಋತು ಹೊರಗುಳಿದು, ಮುಂದಿನ ವರ್ಷ ರೇಖಾ ತೀರ್ಪುಗಾರನಾಗಿ ಧ್ವಜ ಹಿಡಿದು ನಿಂತು, ಅನಂತರ ಸಭ್ಯ ಆಟಗಾರನಾಗಿ ಮರಳಿದವನೊಬ್ಬನು ನಮ್ಮ ನಡುವೆಯೇ ಇದ್ದಾನೆ. ಆಚೆಯಿಂದ ನೋಡಿದಾಗ ತನ್ನಂತಹವರು ಹೇಗೆ ಕಾಣುತ್ತಾರೆಂಬುದು ಅವನಿಗೆ ತಿಳಿಯಿತು. ಮರಳುವ ದಾರಿಯನ್ನು ತೆರೆದಿಟ್ಟಾಗಲೇ ಶಿಕ್ಷೆಗೆ ಅರ್ಥ.

ಸಾಲಿಗ್ರಾಮ ಪಟ್ಟಣ ಪಂಚಾಯಿತಿಯ ಪಾರಂಪಳ್ಳಿ, ಚಿತ್ರಪಾಡಿ, ಕಾರ್ಕಡ, ಗುಂಡ್ಮಿಯಂತಹ ಊರುಗಳಲ್ಲಿ ಗದ್ದೆಗಳು ವರ್ಷದಿಂದ ವರ್ಷಕ್ಕೆ ನಿವೇಶನಗಳಾಗುತ್ತಿವೆ. ಜನ ತಂತಮ್ಮ ಮನೆಯ ಪರದೆಗಳ ಮುಂದೆ ಒಂಟಿಯಾಗುತ್ತಿದ್ದಾರೆ. ಜಾತಿ, ಪಕ್ಷ, ಅಂತಸ್ತು ಬೇರೆಯಾದ ನಾಲ್ಕು ಮಂದಿ ಇನ್ನೂ ಒಟ್ಟಿಗೆ ಬೆವರುವ ಜಾಗವೆಂದರೆ ಆಟದ ಬಯಲು ಮಾತ್ರ. ಅದನ್ನು ಒಬ್ಬಿಬ್ಬರ ಸಿಟ್ಟಿಗೆ ಬಿಟ್ಟುಕೊಡುವಷ್ಟು ಶ್ರೀಮಂತರು ನಾವಲ್ಲ. ಈ ಬಾರಿ ಕೊಯ್ಲು ಮುಗಿದು ಗದ್ದೆಯಲ್ಲಿ ಸುಣ್ಣದ ಗೆರೆ ಎಳೆಯುವ ಮುನ್ನ, ಪ್ರತಿ ಸಂಘಟನಾ ಸಮಿತಿಯೂ ಅರ್ಧ ಗಂಟೆ ಕುಳಿತು ನಡವಳಿಕೆಯ ಗೆರೆಯನ್ನೂ ಎಳೆದುಕೊಳ್ಳಲಿ. ಆ ಗೆರೆಗೆ ಸುಣ್ಣ ಬೇಕಿಲ್ಲ, ನಾಲ್ಕು ಜನರ ಒಮ್ಮತ ಸಾಕು.